ಏಳು ಸುತ್ತಿನ ಕೋಟೆ, ಎರಡು ಸುತ್ತಿನ ಕೇಕ್

ನಮ್ಮ ಮಗಳಿಗೆ ಏಪ್ರಿಲ್‌ನಲ್ಲಿ ಆರು ತುಂಬಿತು. ಹುಟ್ಟುಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುವಾಗಲೇ "ನನಗೆ ಕೋಟೆ ಕೇಕ್ ಬೇಕು" ಅಂತ ಶುರು ಮಾಡಿದಳು. ಟೀವಿಯಲ್ಲಿ ಎಲ್ಲೋ ನೋಡಿದ್ದಳು. ಗುಲಾಬಿ ಗೋಡೆ, ಮೂಲೆಗೊಂದು ಚೂಪು ಗೋಪುರ, ತುದಿಗೆ ಬಾವುಟ. ಬೇಕರಿಯಲ್ಲಿ ವಿಚಾರಿಸಿದೆ. ಮೂರು ಕೆಜಿಗಿಂತ ಕಡಿಮೆ ಮಾಡುವುದಿಲ್ಲ, 4,500 ರೂಪಾಯಿ ಆಗುತ್ತದೆ ಅಂದರು. ನಮ್ಮ ಮನೆಗೆ ಬರುವವರು ಮಕ್ಕಳೂ ಸೇರಿ ಹದಿನೈದು ಜನ. ಮೂರು ಕೆಜಿ ತಿನ್ನುವವರು ಯಾರು? ಮನೆಗೆ ಬಂದವಳೇ "ನಾನೇ ಮಾಡ್ತೀನಿ ಬಿಡು" ಅಂದುಬಿಟ್ಟೆ.

ಅಲ್ಲಿಯವರೆಗೆ ನಾನು ಜೀವನದಲ್ಲಿ ಮಾಡಿದ್ದು ಎರಡೇ ಕೇಕ್. ಎರಡೂ ರವೆ ಕೇಕ್. ಮದುವೆಗೆ ಉಡುಗೊರೆ ಬಂದ ಓಟಿಜಿ, ಅಂದರೆ ಚಿಕ್ಕ ಕರೆಂಟ್ ಓವನ್, ಒಂದಿದೆ. ಅದರಲ್ಲಿ ಶೇಂಗಾ ಹುರಿಯುವುದು, ಮೆತ್ತಗಾದ ನಿಪ್ಪಟ್ಟು ಗರಿಗರಿ ಮಾಡುವುದು, ಇಷ್ಟೇ ನನ್ನ ಬಳಕೆ.

ಮಗಳು ಮೊಬೈಲ್‌ನಲ್ಲಿ ಚಿತ್ರ ತೋರಿಸಿದಾಗ ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಅವರ ತವರು ಚಿತ್ರದುರ್ಗ. ನಾವಿರುವುದು ದಾವಣಗೆರೆ. 1997ರವರೆಗೆ ಇದೂ ಚಿತ್ರದುರ್ಗ ಜಿಲ್ಲೆಯೇ. ಅತ್ತೆಯ ಲೆಕ್ಕದಲ್ಲಿ ಈಗಲೂ ಹಾಗೇ.

"ಇದ್ಯಾವ ಕೋಟೆನವ್ವಾ? ಬಂಡೆ ಇಲ್ಲ, ಬತೇರಿ ಇಲ್ಲ. ಐಸ್‌ಕ್ರೀಮ್ ಕೋನ್ ಮಗುಚಿ ಇಟ್ಟಂಗೈತಲ್ಲ."

ಅವರು ಬೈದಿದ್ದು. ಆದರೆ ನನ್ನ ಅರ್ಧ ತಲೆನೋವು ಅಲ್ಲಿಗೇ ಇಳಿಯಿತು. ಗೋಪುರಕ್ಕೆ ಏನು ಮಾಡುವುದು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೆ. ಕೋನ್! ಅದನ್ನೇ ಮಗುಚಿ ಇಟ್ಟರಾಯಿತು.

ಮಗಳಿಗೆ ರಾಜಕುಮಾರಿಯ ಕೋಟೆ ಬೇಕು, ಅಜ್ಜಿಗೆ ದುರ್ಗದ ಕೋಟೆ ಬೇಕು. ಕೊನೆಗೆ ಒಪ್ಪಂದ ಆಯಿತು. ಕೆಳಗಿನ ಸುತ್ತು ದುರ್ಗದ್ದು, ಕಲ್ಲಿನ ಬಣ್ಣ. ಮೇಲಿನ ಸುತ್ತು ಗುಲಾಬಿ. ಜೊತೆಗೆ ಓಬವ್ವನ ಕಿಂಡಿ ಒಂದು ಇರಲೇಬೇಕು ಎಂದರು ಅತ್ತೆ. ಕಿಂಡಿ ಅಂದರೆ ಏನು ಅಂತ ಮಗಳು ಕೇಳಿದಳು. "ಕೇಕ್ ಮಾಡುವಾಗ ಹೇಳ್ತೀನಿ" ಎಂದರು.

ಕಾಗದದ ಮೇಲೆ ನಕ್ಷೆ ಬರೆದೆ. ಏಳಿಂಚಿನ ಚೌಕ ಕೇಕ್ ಎರಡು, ಒಂದರ ಮೇಲೊಂದು. ಅದರ ಮೇಲೆ ನಾಲ್ಕಿಂಚಿನ ಚಿಕ್ಕ ಚೌಕ. ನಾಲ್ಕು ಮೂಲೆಗೆ ನಾಲ್ಕು ಕೋನ್. ಎಷ್ಟು ಸುಲಭ ಅನ್ನಿಸಿತು ನೋಡಿ.

ಕ್ರೀಮ್ ಯಾವುದು ಅನ್ನುವುದು ಮೊದಲ ಪ್ರಶ್ನೆ. ಬೆಣ್ಣೆ ದೋಸೆ ಊರಲ್ಲಿ ಕೂತು ಬೆಣ್ಣೆ ಬಿಟ್ಟು ಬೇರೆ ಯಾಕೆ ಅಂತ ಮನೆಯ ಬೆಣ್ಣೆಯಲ್ಲೇ ಪ್ರಯೋಗ ಮಾಡಿದೆ. ನೂರು ಗ್ರಾಂ ಬೆಣ್ಣೆ, ಇನ್ನೂರು ಗ್ರಾಂ ಪುಡಿ ಸಕ್ಕರೆ. ಚೆನ್ನಾಗಿ ತಿರುವಿದೆ. ಐದು ನಿಮಿಷಕ್ಕೆ ಒಡೆದು ನೀರು ಬಿಟ್ಟುಕೊಂಡಿತು. ಮೊಸರು ಕಡೆದು ತೆಗೆದ ಬೆಣ್ಣೆಯಲ್ಲಿ ನೀರಿನ ಅಂಶ ಜಾಸ್ತಿ. ಜೊತೆಗೆ ಸಣ್ಣ ಹುಳಿ ಬೇರೆ. ದೋಸೆಗೆ ಅದೇ ರುಚಿ, ಕೇಕಿಗಲ್ಲ. ಅಂಗಡಿಯ ಬೆಣ್ಣೆ ತಂದರೆ ಒಡೆಯುವುದಿಲ್ಲ, ನಿಜ. ಆದರೆ ಹೊರಗೆ 38 ಡಿಗ್ರಿ ಬಿಸಿಲು. ಆ ಸೆಕೆಯಲ್ಲಿ ಯಾವ ಬೆಣ್ಣೆಯೂ ಗೋಡೆ ಹಿಡಿದು ನಿಲ್ಲುವುದಿಲ್ಲ. ಹಾಗಾಗಿ ಮಂಡಿಪೇಟೆ ಕಡೆ ಹೋಗಿ ಒಂದು ಲೀಟರ್ ವಿಪ್ಪಿಂಗ್ ಕ್ರೀಮ್ ತಂದೆ, ಹಾಲಿನದ್ದಲ್ಲ, ಸಸ್ಯದ ಎಣ್ಣೆಯಿಂದ ಮಾಡಿದ್ದು. ರುಚಿಯಲ್ಲಿ ಹಾಲಿನ ಕ್ರೀಮ್‌ಗೆ ಸಾಟಿಯಿಲ್ಲ, ತಿಂದ ಮೇಲೆ ನಾಲಿಗೆಗೆ ಜಿಡ್ಡು ಅಂಟಿಕೊಳ್ಳುತ್ತದೆ. ಆದರೆ ಏಪ್ರಿಲ್‌ನಲ್ಲಿ ಸ್ವಲ್ಪ ಹೊತ್ತಾದರೂ ನಿಲ್ಲುವುದು ಅದೇ.

ಶನಿವಾರ ಬೇಯಿಸುವ ದಿನ. ಅತ್ತೆ ಮೊಟ್ಟೆ ತಿನ್ನುವುದಿಲ್ಲ, ಅದಕ್ಕೆ ಮೊಸರಿನ ಕೇಕ್. ಒಂದು ಕೇಕಿಗೆ ಒಂದೂವರೆ ಕಪ್ ಮೈದಾ, ಒಂದು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ವಾಸನೆ ಇಲ್ಲದ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ, ಸ್ವಲ್ಪ ವೆನಿಲ್ಲಾ. ಮೊಸರು ಸಕ್ಕರೆ ಕರಗುವ ತನಕ ತಿರುವಿ, ಅದಕ್ಕೆ ಸೋಡಾ ಮತ್ತು ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಟ್ಟೆ. ಗುಳ್ಳೆ ಗುಳ್ಳೆ ಎದ್ದು ನೊರೆ ಬಂತು. ನೋಡೋಕೇ ಖುಷಿ. ಆಮೇಲೆ ಎಣ್ಣೆ, ವೆನಿಲ್ಲಾ, ಜರಡಿ ಹಿಡಿದ ಮೈದಾ.

ಎರಡು ಕೇಕ್ ತಾನೇ, ಸುಮ್ನೆ ಎರಡು ಸಲ ಯಾಕೆ ಕಲಸುವುದು ಅಂತ ಒಟ್ಟಿಗೇ ಕಲಸಿದೆ. ಇಡ್ಲಿ ಹಿಟ್ಟು ಒಟ್ಟಿಗೇ ರುಬ್ಬಿ ಒಬ್ಬೆ ಒಬ್ಬೆ ಬೇಯಿಸುವುದಿಲ್ಲವೇ, ಹಾಗೆ. ನನ್ನ ಓಟಿಜಿಯಲ್ಲಿ ಒಂದು ಸಲಕ್ಕೆ ಒಂದೇ ಟಿನ್ ಹಿಡಿಯುತ್ತದೆ. ಮೊದಲನೆಯದು 180 ಡಿಗ್ರಿಯಲ್ಲಿ 40 ನಿಮಿಷ. ಮೇಲೆ ಸ್ವಲ್ಪ ಗುಡ್ಡದ ಹಾಗೆ ಉಬ್ಬಿ ಬಿರುಕು ಬಿಟ್ಟಿತ್ತು. ಟಿನ್ ಅನ್ನು ಮೇಲಿನ ಕಾಯಿಲ್‌ಗೆ ಹತ್ತಿರ ಇಟ್ಟಿದ್ದೆ, ಅದಕ್ಕೆ. ಆದರೆ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಲಿಲ್ಲ. ಮನೆ ತುಂಬ ಘಮ.

ಎರಡನೆಯದು? ಅದೇ ಹಿಟ್ಟು, ಅದೇ ಟಿನ್, ಅದೇ 40 ನಿಮಿಷ. ಹೊರಗೆ ತೆಗೆದರೆ ಒಂದಿಂಚೂ ಎದ್ದಿಲ್ಲ. ಕೊಯ್ದು ನೋಡಿದೆ. ಒಳಗೆ ಹಸಿ ಹಸಿ, ತಣ್ಣಗಾದ ಹಲ್ವಾ ಇದ್ದ ಹಾಗೆ. ಮೊಸರಿನ ಹುಳಿಗೂ ಸೋಡಾಗೂ ಸೇರಿದ ತಕ್ಷಣ ಗಾಳಿ ಹುಟ್ಟುತ್ತದೆ, ಆ ಗಾಳಿ ಇರುವಾಗಲೇ ಒಲೆಗೆ ಹೋಗಬೇಕು. ನಾನು ನೊರೆ ನೋಡಿ ಖುಷಿಪಟ್ಟೆನಲ್ಲ, ಅದೆಲ್ಲ ಮೊದಲನೇ ಕೇಕ್ ಬೇಯುವಷ್ಟರಲ್ಲಿ ಪಾತ್ರೆಯಲ್ಲೇ ಆರಿಹೋಗಿತ್ತು. ಇಡ್ಲಿ ಹಿಟ್ಟು ರಾತ್ರಿಯೆಲ್ಲ ಹುದುಗುತ್ತದೆ. ಇದು ಕಾದಷ್ಟೂ ಸಾಯುತ್ತದೆ.

ಇನ್ನೊಮ್ಮೆ ಕಲಸೋಣ ಅಂತ ಮೈದಾ ಅಳೆಯುತ್ತಿದ್ದೆ. ಕರೆಂಟ್ ಹೋಯಿತು. ನಾಲ್ಕು ಗಂಟೆ. ಐದಾದರೂ ಬರಲಿಲ್ಲ. ಮಗಳು ಎರಡು ಸಲ ಬಂದು "ಕೋಟೆ ಆಯ್ತಾ ಅಮ್ಮಾ?" ಅಂತ ಕೇಳಿ ಹೋದಳು. ನನಗೆ ಅಳು ಬರುವುದೊಂದು ಬಾಕಿ.

"ಕುಕ್ಕರ್‌ನಾಗೆ ಮಾಡು. ಮೊದಲೆಲ್ಲ ಹಂಗೇ ಮಾಡ್ತಿರಲಿಲ್ವಾ?" ಎಂದರು ಅತ್ತೆ.

ಕುಕ್ಕರ್ ತಳಕ್ಕೆ ಒಂದು ಬಟ್ಟಲು ಕಲ್ಲುಪ್ಪು ಹರಡಿ, ಅದರ ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳದ ರಬ್ಬರ್ ಮತ್ತು ವಿಷಲ್ ತೆಗೆದು, ಹತ್ತು ನಿಮಿಷ ಕಾಯಿಸಿದೆ. ನೀರು ಒಂದು ಹನಿಯೂ ಹಾಕಬಾರದು. ಸಮಸ್ಯೆ ಏನೆಂದರೆ ಚೌಕದ ಟಿನ್ ಕುಕ್ಕರ್‌ನೊಳಗೆ ಇಳಿಯಲಿಲ್ಲ. ಇಳಿದದ್ದು ಅತ್ತೆಯ ಐದಿಂಚಿನ ಸ್ಟೀಲ್ ಡಬ್ಬಿ, ಅವರು ಸಾಸಿವೆ ಇಡುತ್ತಿದ್ದದ್ದು. ಎಲ್ಲ ಅಳತೆಯನ್ನೂ ಅರ್ಧ ಮಾಡಿ ಕಲಸಿ, ಈ ಸಲ ಒಂದು ನಿಮಿಷವೂ ಕಾಯದೆ ಒಳಗಿಟ್ಟೆ. ಸಣ್ಣ ಉರಿಯಲ್ಲಿ 45 ನಿಮಿಷ. ಆ ಕೇಕ್ ಇಡೀ ದಿನದ ಕೇಕುಗಳಲ್ಲೇ ಚೆನ್ನಾಗಿ ಬಂತು. ಎತ್ತರ, ಹಗುರ, ಮೇಲೆ ಬಿರುಕೂ ಇಲ್ಲ. ಆದರೆ ದುಂಡಗೆ.

"ಬತೇರಿ ದುಂಡಗೇ ಇರ್ತದೆ ಕಣವ್ವಾ. ನಿನ್ನ ನಕ್ಷೆನೇ ತಪ್ಪು" ಎಂದರು ಅತ್ತೆ. ಅಲ್ಲಿಗೆ ನಕ್ಷೆ ಬದಲಾಯಿತು. ಕೆಳಗೆ ಇರುವ ಒಂದೇ ಚೌಕವನ್ನು ಅಡ್ಡ ಸೀಳಿ ಎರಡು ಪದರ ಮಾಡುವುದು, ಮೇಲೆ ದುಂಡನೆಯ ಬತೇರಿ. ಕೋಟೆ ಸ್ವಲ್ಪ ಗಿಡ್ಡ. ಪರವಾಗಿಲ್ಲ. ಪೂರ್ತಿ ಆರಿದ ಮೇಲೆ ಎರಡನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಫ್ರಿಜ್‌ಗೆ ಹಾಕಿದೆ. ಬಿಸಿ ಕೇಕ್ ಕೊಯ್ದರೆ ಉದುರುತ್ತದೆ. ತಣ್ಣಗಾದರೆ ಚಾಕುವಿಗೆ ನೀಟಾಗಿ ಸಿಗುತ್ತದೆ.

ಭಾನುವಾರ ಬೆಳಗ್ಗೆ ಕ್ರೀಮ್ ತೆಗೆದು ನೋಡಿದರೆ ನಡುವೆ ಇನ್ನೂ ಕಲ್ಲು. ಫ್ರೀಜರ್‌ನಿಂದ ಹಿಂದಿನ ರಾತ್ರಿಯೇ ಕೆಳಗಿನ ತಟ್ಟಿಗೆ ಇಳಿಸಬೇಕಿತ್ತು. ನಾನು ಇಳಿಸಿದ್ದು ಬೆಳಗಿನ ಜಾವ, ನೀರು ಕುಡಿಯಲು ಎದ್ದಾಗ ನೆನಪಾಗಿ. ಅವಸರಕ್ಕೆ ಅರ್ಧ ಲೀಟರ್ ಪಾತ್ರೆಗೆ ಸುರಿದು ಅಡುಗೆ ಕಟ್ಟೆ ಮೇಲಿಟ್ಟೆ. ಕರಗಿತು. ಬೀಟರ್ ಹಿಡಿದು ಹದಿನೈದು ನಿಮಿಷ ನಿಂತೆ. ಶ್ಯಾವಿಗೆ ಪಾಯಸದ ಹದ ಬಂತೇ ಹೊರತು ಅದಕ್ಕಿಂತ ಗಟ್ಟಿ ಆಗಲೇ ಇಲ್ಲ. ಈ ಕ್ರೀಮ್ ತಣ್ಣಗಿದ್ದರೆ ಮಾತ್ರ ಗಾಳಿ ಹಿಡಿದುಕೊಳ್ಳುತ್ತದೆ. ಬೆಚ್ಚಗಾಯಿತೋ, ಎಷ್ಟು ತಿರುವಿದರೂ ಕೈ ನೋವೇ ಲಾಭ. ಆ ಪಾತ್ರೆಯನ್ನು ಹಾಗೇ ಫ್ರಿಜ್‌ಗೆ ತಳ್ಳಿದೆ. ಉಳಿದ ಅರ್ಧ ಲೀಟರ್ ಫ್ರಿಜ್‌ನಲ್ಲೇ ನಿಧಾನ ಕರಗಲಿ ಅಂತ ಹನ್ನೊಂದರವರೆಗೆ ಬಿಟ್ಟು, ಪಾತ್ರೆ ಮತ್ತು ಬೀಟರ್ ಕಡ್ಡಿಗಳನ್ನೂ ತಣ್ಣಗೆ ಮಾಡಿ, ಕೆಳಗೆ ಐಸ್ ನೀರಿನ ಬೋಗುಣಿ ಇಟ್ಟು ತಿರುವಿದೆ. ಐದೇ ನಿಮಿಷ. ಬೀಟರ್ ಎತ್ತಿದರೆ ಕ್ರೀಮ್ ಕೊಂಬಿನ ಹಾಗೆ ನೆಟ್ಟಗೆ ನಿಂತಿತು. ಮೂರು ಪಟ್ಟು ಉಬ್ಬಿತ್ತು. ಕೂಡಲೇ ನಿಲ್ಲಿಸಬೇಕು, ಜಾಸ್ತಿ ತಿರುವಿದರೆ ತರಿತರಿ ಆಗುತ್ತದೆ.

ಇನ್ನೊಂದು ಕಡೆ ಅಜ್ಜಿ ಮೊಮ್ಮಗಳು ಬಂಡೆ ಮಾಡಲು ಕೂತರು. ಇದು ನನ್ನ ಐಡಿಯಾ, ಸ್ವಲ್ಪ ಜಂಬ ಇದೆ. ಹಾಳಾದ ಎರಡನೇ ಕೇಕನ್ನೂ, ಚೌಕದ ಕೇಕಿನ ಮೇಲಿಂದ ಕೊಯ್ದು ತೆಗೆದ ಗುಡ್ಡವನ್ನೂ ಪುಡಿ ಮಾಡಿ, ಆ ಪಾಯಸದಂಥ ಕ್ರೀಮ್ ನಾಲ್ಕು ಚಮಚ ಹಾಕಿ ಕಲಸಿದರೆ ಉಂಡೆ ಕಟ್ಟುವ ಹದ ಬಂತು. ಕರಗಿಸಿದ ಚಾಕೊಲೇಟ್‌ನಲ್ಲಿ ಅದ್ದಿ ತೆಗೆದರೆ ಬಂಡೆ. ಚಾಕೊಲೇಟ್ ಕರಗಿಸಲು ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ. ಒಂದು ಹನಿ ನೀರು ಬಿದ್ದರೂ ಗಂಟು ಕಟ್ಟುತ್ತದೆ, ಹಾಗಾಗಿ ಒದ್ದೆ ಚಮಚ ಹಿಡಿದವರಿಗೆಲ್ಲ ಬೈಗುಳ.

ಮಗಳು ಲಡ್ಡಿನ ಹಾಗೆ ದುಂಡಗೆ ಉರುಟುತ್ತಿದ್ದಳು. "ದುರ್ಗದ ಬಂಡೆ ಉಂಡೆ ಹಂಗಿರಲ್ಲ. ಒಂದರ ಮೇಲೊಂದು ವಾಲಿಕೊಂಡಿರ್ತವೆ" ಅಂತ ಅಜ್ಜಿ ಒಂದೊಂದನ್ನೂ ಚಿವುಟಿ ಸೊಟ್ಟ ಮಾಡಿದರು. ಹಾಗೆ ಮಾಡುತ್ತಲೇ ಕಿಂಡಿಯ ಕಥೆ ಹೇಳಿದರು. ಹೈದರಾಲಿಯ ಸೈನ್ಯ, ಬಂಡೆಗಳ ನಡುವಿನ ಸಂದು, ಊಟಕ್ಕೆ ಕೂತ ಕಾವಲುಗಾರ ಗಂಡ, ನೀರು ತರಲು ಹೋದ ಓಬವ್ವ, ಕೈಗೆ ಸಿಕ್ಕ ಒನಕೆ. ಒಬ್ಬೊಬ್ಬ ತಲೆ ತೂರಿಸಿದಂತೆ ಒಂದೊಂದು ಏಟು. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. "ಆಮೇಲೆ ನಾವೇ ಗೆದ್ವಾ ಅಜ್ಜಿ?" ಅಂದಳು. ಅತ್ತೆ "ಓಬವ್ವ ಗೆದ್ದಳು" ಎಂದು ಮುಂದಿನ ಬಂಡೆ ಎತ್ತಿಕೊಂಡರು. 1779ರಲ್ಲಿ ಕೋಟೆ ಕೊನೆಗೂ ಹೈದರಾಲಿಯ ಕೈ ಸೇರಿದ್ದನ್ನು ಅವರು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಚೌಕದ ಕೇಕ್ ಸೀಳಿದೆ. ಪದರಗಳಿಗೆ ಸಕ್ಕರೆ ನೀರು ಚಿಮುಕಿಸಿ, ನಡುವೆ ಕ್ರೀಮ್ ಸವರಿ ಮುಚ್ಚಿದೆ. ಮೊದಲು ತೆಳ್ಳಗೆ ಒಂದು ಕೈ ಕ್ರೀಮ್, ಗೋಡೆಗೆ ಪ್ರೈಮರ್ ಹೊಡೆದ ಹಾಗೆ. ಉದುರುವ ಪುಡಿಯೆಲ್ಲ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅರ್ಧ ಗಂಟೆ ಫ್ರಿಜ್. ಆಮೇಲೆ ಕೋಕೋ ಬೆರೆಸಿದ ಕ್ರೀಮ್‌ನ ಎರಡನೇ ಕೈ. ನನ್ನ ಗೋಡೆ ನುಣ್ಣಗೆ ಬರಲೇ ಇಲ್ಲ, ಎಲ್ಲಿ ನೋಡಿದರೂ ಏರಿಳಿತ. ಕೋಟೆ ಗೋಡೆ ನುಣ್ಣಗೆ ಯಾಕಿರಬೇಕು ಅಂದುಕೊಂಡು ಚಾಕುವಿನ ತುದಿಯಿಂದ ಕಲ್ಲಿನ ಗೆರೆ ಎಳೆದೆ. ತಕ್ಷಣ ಬೇಕಂತಲೇ ಮಾಡಿದ ಹಾಗೆ ಕಾಣಿಸಿತು. ನನ್ನಂಥ ಹೊಸಬರಿಗೆ ಕೋಟೆ ಒಳ್ಳೆಯ ಆಕಾರ, ನಿಜ ಹೇಳುತ್ತೇನೆ. ಹೃದಯದ ಕೇಕ್ ಆಗಿದ್ದರೆ ಸಿಕ್ಕಿಬೀಳುತ್ತಿದ್ದೆ.

ಬತೇರಿಗೆ ಗುಲಾಬಿ ಕ್ರೀಮ್ ಹಚ್ಚಿ, ಮೇಲಕ್ಕೆ ಏರಿಸಿ ಕೂರಿಸಿದೆ. ಚಪ್ಪಾಳೆ ತಟ್ಟಿದರು. ಹತ್ತು ನಿಮಿಷ ಬಿಟ್ಟು ನೋಡಿದರೆ ಒಂದು ಪಕ್ಕ ಕುಸಿದು ವಾಲಿದೆ. ಹಳೇ ಮಣ್ಣಿನ ಮನೆ ಮಳೆಗಾಲದಲ್ಲಿ ನಿಂತ ಹಾಗೆ. ನಮ್ಮ ಮನೆಯವರು ಕಟ್ಟಡ ಕೆಲಸದ ಇಂಜಿನಿಯರ್. ಬೆಳಗ್ಗಿಂದ ಪೇಪರ್ ಓದುತ್ತಾ ಕೂತಿದ್ದವರು ಎದ್ದು ಬಂದು ನೋಡಿ, "ಪಿಲ್ಲರ್ ಹಾಕದೇ ಮೇಲಿನ ಅಂತಸ್ತು ಎಬ್ಬಿಸಿದೀಯಲ್ಲ" ಅಂದರು.

ಇದೊಂದನ್ನು ನಾನು ಎಲ್ಲೋ ಓದಿಯೂ ಬಿಟ್ಟಿದ್ದೆ. ಮೆತ್ತನೆ ಕೇಕಿನ ಮೇಲೆ ಇನ್ನೊಂದು ಕೇಕ್ ಕೂರುವುದು ಕೇಕಿನ ಬಲದಿಂದಲ್ಲ. ಒಳಗೆ ಕಡ್ಡಿ ಇರಬೇಕು, ಕಡ್ಡಿಗಳ ಮೇಲೆ ರಟ್ಟು ಇರಬೇಕು, ರಟ್ಟಿನ ಮೇಲೆ ಕೇಕ್. ಮನೆಯವರು ಐದು ಬಿದಿರು ಕಡ್ಡಿ ತೊಳೆದು, ಕೆಳಗಿನ ಕೇಕಿನ ಎತ್ತರಕ್ಕೆ ಸರಿಯಾಗಿ ಸ್ಕೇಲ್ ಹಿಡಿದು ಕತ್ತರಿಸಿದರು. ನಾಲ್ಕು ಸುತ್ತ, ಒಂದು ನಡುವೆ. ಒಂದು ಕಡ್ಡಿ ಕೂದಲೆಳೆ ಉದ್ದ ಇದ್ದರೂ ಮೇಲಿನದು ಕುಂಟುತ್ತದೆಯಂತೆ. ಹಳೇ ಮದುವೆ ಕಾರ್ಡಿನ ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ ಫಾಯಿಲ್ ಸುತ್ತಿ ಬತೇರಿಯ ಅಡಿಗೆ ಕೊಟ್ಟೆವು. ಮತ್ತೆ ಕೂರಿಸಿದೆವು. ಈ ಸಲ ಅಲ್ಲಾಡಲಿಲ್ಲ. ಕುಸಿದ ಜಾಗಕ್ಕೆ ಕ್ರೀಮ್ ಮೆತ್ತಿ ಮುಚ್ಚಿದೆ. ಆಮೇಲೆ ಇಡೀ ಸಂಜೆ ಅವರು ಬಂದವರಿಗೆಲ್ಲ "ಕೇಕ್ ನಾವೇ ಮಾಡಿದ್ದು" ಅನ್ನುತ್ತಿದ್ದರು. ಇರಲಿ.

ಅಲಂಕಾರ ಬೇಗ ಮುಗಿಯಿತು. ಗೋಡೆಯ ಮೇಲಂಚಿನ ತೆನೆಗಳಿಗೆ ಚಾಕೊಲೇಟ್ ಬಾರ್‌ನ ತುಂಡು, ಒಂದು ಬಿಟ್ಟು ಒಂದು. ಹೆಬ್ಬಾಗಿಲಿಗೆ ವೇಫರ್ ಬಿಸ್ಕತ್ತು. ಸುತ್ತ ಹಸಿರು ಬಣ್ಣ ಕಲಸಿದ ಕೊಬ್ಬರಿ ತುರಿ, ಅದರ ಮೇಲೆ ಬಂಡೆಗಳು. ಹಿಂದಿನ ಗೋಡೆಯಲ್ಲಿ ಅತ್ತೆ ಖುದ್ದಾಗಿ ಚಮಚದ ಹಿಡಿಯಿಂದ ಕಿಂಡಿ ಕೊರೆದರು. ಅದರ ಪಕ್ಕ ಒಂದು ಚಾಕೊಲೇಟ್ ಕಡ್ಡಿ ಒರಗಿಸಿ ಇಟ್ಟರು. ಒನಕೆ.

ಕೋನ್‌ಗಳನ್ನೂ ಆಗಲೇ, ಎರಡು ಗಂಟೆಗೇ, ಮೂಲೆಗಳಲ್ಲಿ ನೆಟ್ಟು ಕೇಕ್ ಪೂರ್ತಿ ಫ್ರಿಜ್‌ಗೆ ಇಟ್ಟೆ. ಕೆಳಗೆ ಚಪ್ಪಟೆ ತಳದ ಕೋನ್, ಅದರ ಬಾಯಿಗೆ ಚೂಪು ಕೋನ್ ಮಗುಚಿ. ಐದು ಗಂಟೆಗೆ ಬಾಗಿಲು ತೆಗೆದರೆ ಎರಡು ಗೋಪುರ ತಲೆ ತಗ್ಗಿಸಿ ನಿಂತಿವೆ. ಕ್ರೀಮ್‌ನ ತೇವ, ಫ್ರಿಜ್‌ನ ತೇವ, ಎರಡನ್ನೂ ಕುಡಿದು ಹಪ್ಪಳದ ಹಾಗೆ ಮೆತ್ತಗಾಗಿದ್ದವು. ಪುಣ್ಯಕ್ಕೆ ಪೊಟ್ಟಣದಲ್ಲಿ ಇನ್ನೂ ಕೋನ್ ಇದ್ದವು. ಅವುಗಳ ಅಡಿಗೂ ಒಳಗೂ ಉಳಿದ ಚಾಕೊಲೇಟ್ ಸವರಿ ಒಣಗಿಸಿ, ಮಕ್ಕಳು ಬರುವ ಹೊತ್ತಿಗೆ ಹಚ್ಚಿದೆ. ಚಾಕೊಲೇಟ್ ಸವರಿದರೆ ತೇವ ಒಳಗೆ ಹೋಗುವುದಿಲ್ಲ.

ಆರೂವರೆಗೆ ಹಾಲ್‌ಗೆ ತಂದೆವು. ಮೇಣದಬತ್ತಿಗೋಸ್ಕರ ಫ್ಯಾನ್ ಆರಿಸಿದ್ದೇ ತಡ, ಗುಲಾಬಿ ಗೋಡೆ ಬೆವರಲು ಶುರು. "ಬೇಗ ಊದು ಪುಟ್ಟಿ" ಅಂತ ನಾನು ಒಬ್ಬಳೇ ಕಿರುಚುತ್ತಿದ್ದೆ. ಎದುರು ಮನೆಯ ಹುಡುಗ ಕೇಕ್ ಸುತ್ತ ಒಂದು ರೌಂಡ್ ಹಾಕಿ, "ಕಂದಕ ಎಲ್ಲಿ ಆಂಟಿ? ಮೊಸಳೆ ಎಲ್ಲಿ?" ಅಂತ ಕೇಳಿದ. ಇಂಥವರು ಎಲ್ಲ ಪಾರ್ಟಿಗೂ ಒಬ್ಬರು ಇರುತ್ತಾರೆ.

ಕೊಯ್ಯುವಾಗ ಒಂದು ವಿಷಯ. ಒಳಗೆ ಐದು ಬಿದಿರು ಕಡ್ಡಿ ಇದೆ, ಬಾವುಟದ ಟೂತ್‌ಪಿಕ್ ನಾಲ್ಕಿದೆ. ಮೊದಲು ಬತೇರಿಯನ್ನು ರಟ್ಟಿನ ಸಮೇತ ಎತ್ತಿ ಪಕ್ಕಕ್ಕಿಟ್ಟು, ಐದೂ ಕಡ್ಡಿ, ನಾಲ್ಕೂ ಟೂತ್‌ಪಿಕ್ ಎಣಿಸಿ ಕೈಗೆ ಬಂದ ಮೇಲೆಯೇ ಮಕ್ಕಳ ತಟ್ಟೆಗೆ ಹಾಕಿದೆ. ಬಂಡೆಗಳು ಮೊದಲು ಖಾಲಿಯಾದವು. ಹಾಳಾದ ಕೇಕೇ ಎಲ್ಲರಿಗೂ ಇಷ್ಟ ಆಯಿತು.

ಕಿಂಡಿ ಇರುವ ಗೋಡೆಯನ್ನು ಮಾತ್ರ ಮಗಳು ಯಾರಿಗೂ ಮುಟ್ಟಿಸಲಿಲ್ಲ. ಆ ತುಂಡನ್ನು ಒನಕೆ ಸಮೇತ ತಟ್ಟೆಯಲ್ಲಿಟ್ಟು ಫ್ರಿಜ್‌ನ ಮೇಲಿನ ಅಂಕಣದಲ್ಲಿ ಕಾವಲಿಗೆ ಇಟ್ಟು ಮಲಗಿದಳು.

ಬೆಳಗ್ಗೆ ಹಾಲು ತೆಗೆಯಲು ಫ್ರಿಜ್ ತೆರೆದರೆ ತಟ್ಟೆ ಇದೆ, ಕಿಂಡಿ ಇಲ್ಲ, ಗೋಡೆ ಇಲ್ಲ, ಒನಕೆಯೂ ಇಲ್ಲ. ಅತ್ತೆ ಅಡುಗೆಮನೆ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

"ಅತ್ತೆ, ಇಲ್ಲಿದ್ದ ಕೇಕ್ ಯಾರು ತಿಂದರು?"

ಅವರು ತಲೆ ಎತ್ತಲಿಲ್ಲ.

"ರಾತ್ರಿ ಹೈದರಾಲಿ ಬಂದಿದ್ದ."